ಎತ್ತು ಕಟ್ಟುವಲ್ಲಿ ನಿಂತ ಜೀಪು

ಕಾಗವಾಡದ ನಮ್ಮ ಮನೆಯಲ್ಲಿ ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಅಂಕಣ, ಅದರಾಚೆ ತೊಡೆಯೆತ್ತರದ ಕಲ್ಲಿನ ಕಟ್ಟೆಯ ಮೇಲೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ. ಅಪ್ಪ ಎತ್ತುಗಳನ್ನು ಮಾರಿ ಹಳೆಯ ಪೆಟ್ರೋಲ್ ಜೀಪು ತಂದಾಗ ಅದು ನಿಂತದ್ದು ಎತ್ತು ನಿಲ್ಲುತ್ತಿದ್ದ ಜಾಗದಲ್ಲೇ. ಮೇವು ಹಾಕುವ ಗೋದಲಿಯ ಕಲ್ಲುಗಳನ್ನು ಕಿತ್ತು ಹಾಕಿ, ತಲಬಾಗಿಲಿನ ಹೊಸ್ತಿಲು ಕಡಿಸಿ ಅದಕ್ಕೆ ದಾರಿ ಮಾಡಿದ್ದ. ದನದ ಗಂಜಲ ಹರಿದು ಹೋಗಲೆಂದು ಅಂಕಣದ ನೆಲವನ್ನು ಹಿಂದಿನವರು ಬೀದಿಯ ಕಡೆಗೆ ಇಳಿಜಾರು ಮಾಡಿದ್ದರು. ಆ ಇಳಿಜಾರಿಗಾಗಿಯೇ ಅಪ್ಪ ಜೀಪನ್ನು ಮೂತಿ ಒಳಗೆ ಮಾಡಿ ನಿಲ್ಲಿಸುತ್ತಿದ್ದ. ಚಾಲೂ ಆಗದ ದಿನ ನಾವು ಬಾನೆಟ್ಟಿಗೆ ಕೈಕೊಟ್ಟು ದಬ್ಬಿದರೆ ಅದು ಹಿಂದೆ ಉರುಳಿ ಬೀದಿಗೆ ಬೀಳುತ್ತಿತ್ತು, ಅಲ್ಲಿ ಅವನು ರಿವರ್ಸ್ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ಎಬ್ಬಿಸುತ್ತಿದ್ದ. ಹ್ಯಾಂಡ್ ಬ್ರೇಕಿನ ತಂತಿ ಹರಿದು ಹೋಗಿತ್ತು. ಹೀಗಾಗಿ ರಾತ್ರಿ ಜೀಪು ಯಾವಾಗಲೂ ಒಂದನೇ ಗೇರಿನಲ್ಲೇ ನಿಂತಿರುತ್ತಿತ್ತು. ನಾವು ಪಡಸಾಲೆಯಲ್ಲಿ ಊಟಕ್ಕೆ ಕೂತರೆ ಅದರ ಎರಡು ದೀಪಗಳು ನಮ್ಮ ತಾಟುಗಳ ಮಟ್ಟಕ್ಕೇ ಇರುತ್ತಿದ್ದವು. ರೊಟ್ಟಿಗೂ ಪೆಟ್ರೋಲಿನ ವಾಸನೆ ಹತ್ತಿರುತ್ತಿತ್ತು.

ಸೋಸಿದ ನೀರು ಕುಡಿಯುವ ಜೈನರ ಮನೆ ನಮ್ಮದು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಕೊಡದ ಬಾಯಿಗೆ ಬಿಳಿ ಅರಿವೆ ಕಟ್ಟಿ ನೀರು ಸೋಸಿ, ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಹುಳಗಳನ್ನೂ ಆಯಿ ಮತ್ತೆ ಬಾವಿಗೇ ಬಿಟ್ಟು ಬರುತ್ತಿದ್ದಳು. ಅವ್ವ ಒಲೆ ಹಚ್ಚುವ ಮುಂಚೆ ಮೆತ್ತನೆಯ ಕಸಬರಿಗೆಯಿಂದ ಇರುವೆಗಳನ್ನು ಸರಿಸುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಈ ನೇಮಗಳನ್ನೆಲ್ಲ ಅಪ್ಪನೂ ಪಾಲಿಸುತ್ತಿದ್ದ. ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ, ಬೀಡಿ ಸೇದುತ್ತಿರಲಿಲ್ಲ, ಕುಡಿತವಂತೂ ದೂರದ ಮಾತು. ಅವ್ವನನ್ನು ಮಾತ್ರ ಹೊಡೆಯುತ್ತಿದ್ದ. ಅದಕ್ಕೆಂದೇ ಹಳೆಯ ಫ್ಯಾನ್ ಬೆಲ್ಟೊಂದು ಪಡಸಾಲೆಯ ಗೂಟಕ್ಕೆ ತೂಗುಬಿದ್ದಿರುತ್ತಿತ್ತು. ಅವನು ಹೊಡೆಯಲು ಶುರು ಮಾಡಿದರೆ ಆಯಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಜಪದ ದನಿ ಏರಿಸುತ್ತಿದ್ದಳು. ಪೆಟ್ಟು ಜೋರಾದಷ್ಟೂ ಜಪ ಜೋರಾಗುತ್ತಿತ್ತು. ನನಗೆ ಆ ಮಂತ್ರ ಈಗಲೂ ಬಾಯಿಪಾಠವಿದೆ, ಆದರೆ ಬಸದಿಗೆ ಹೋದಾಗ ಅದನ್ನು ಗಟ್ಟಿಯಾಗಿ ಹೇಳಲು ನನ್ನಿಂದ ಆಗುವುದಿಲ್ಲ.

ಅಪ್ಪ ಕಾಗವಾಡದಿಂದ ಅಥಣಿಗೆ ಸೀಟು ಹೊಡೆಯುತ್ತಿದ್ದ. ಬಸ್ಸು ಸಿಗದವರನ್ನು ಜೀಪಿನಲ್ಲಿ ತುಂಬಿಕೊಂಡು ಹೋಗುವ ಕೆಲಸ. ಮುಂಜಾನೆಯ ಮೊದಲ ಟ್ರಿಪ್ಪು ಹಿಡಿದವನದೇ ಆ ದಿನ, ಹೀಗಾಗಿ ಜೀಪು ಚಾಲೂ ಆಗುವ ಗಳಿಗೆ ನಮ್ಮ ಮನೆಯ ಇಡೀ ದಿನವನ್ನು ತೀರ್ಮಾನಿಸುತ್ತಿತ್ತು. ಅಕ್ಕ ಪದ್ಮಾ ಮತ್ತು ನಾನು ಹಾಸಿಗೆಯಲ್ಲೇ ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟು ಮಲಗಿರುತ್ತಿದ್ದೆವು. ಕೀಲಿ ತಿರುವಿದಾಗ ಬರೀ ‘ಟಕ್’ ಎಂದು ಸುಮ್ಮನಾದರೆ ಬ್ಯಾಟರಿ ಇಳಿದಿದೆ ಎಂದರ್ಥ. ‘ಝುಂಯ್’ ಎಂದು ಹಗುರಾಗಿ ತಿರುಗಿದರೆ ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರು ತಿರುಗುತ್ತಿದೆ, ಅದರ ಹಲ್ಲು ಎಂಜಿನ್ನಿನ ಹಲ್ಲನ್ನು ಹಿಡಿಯುತ್ತಿಲ್ಲ. ‘ಖರ್ರ್’ ಎಂದು ಕಬ್ಬಿಣ ಅರೆದ ಸದ್ದಾದರೆ ಎರಡು ಹಲ್ಲುಗಳೂ ಎದುರುಬದುರಾಗಿ ತಿಕ್ಕಾಡುತ್ತಿವೆ. ‘ಗುರ್ ಗುರ್ ಗುರ್’ ಎಂದು ಭಾರವಾಗಿ ತಿರುಗಿ ಎಂಜಿನ್ ಹೊತ್ತಿಕೊಂಡರೆ ಮಾತ್ರ ಅಕ್ಕ ಉಸಿರು ಬಿಡುತ್ತಿದ್ದಳು. ಉಳಿದ ಮೂರೂ ಸದ್ದಿಗೆ ಅವ್ವ ಒಲೆಯ ಮುಂದಿನಿಂದ ಎದ್ದು, ಸೀರೆಯ ಕಚ್ಚೆ ಬಿಗಿಮಾಡಿಕೊಂಡು, ದಬ್ಬಲು ಹೊರಗೆ ಬರುತ್ತಿದ್ದಳು.

ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳಿಗೆ ಇದೊಂದು ತಮಾಷೆಯಾಯಿತು. ಒಂದು ದಿನ ನಾನು ಹಿಟ್ಟಿನ ಗಿರಣಿಗೆ ಹೋಗಿ ಬರುವಾಗ ಅಪ್ಪನ ಜೀಪಿನ ಹಿಂದೆಯೇ ಇದ್ದೆ. ಯಾರೋ ಒಬ್ಬ ಮರಾಠಿ ಬೆರೆಸಿ ಕೂಗಿ ಹೇಳಿದ:

“ಭೂಪಾಲನ ಗಾಡಿಗಿ ಬ್ಯಾಟರಿ ಯಾಕ ಬೇಕೋ? ಮನ್ಯಾಗ ಬಾಯ್ಕೋ ಅದಾಳಲ್ಲ, ದಬ್ಬಾಕ!”

ಬಾಯ್ಕೋ ಎಂದರೆ ಹೆಂಡತಿ. ಎಲ್ಲರೂ ನಕ್ಕರು. ಅಪ್ಪ ಸೀಟಿನ ಕೆಳಗಿನ, ನಟ್ಟು ಬಿಚ್ಚುವ ಪಾನಾ ತೆಗೆದು, ಇಳಿದು ಹೋಗಿ, ಹಾಗೆ ಹೇಳಿದವನ ಬಾಯಿಗೇ ಬೀಸಿದ. ಅವನು ಬಾಯಿಗೆ ಕೈ ಹಿಡಿದು ಕೂತಾಗ ಬೆರಳ ಸಂದಿಯಿಂದ ರಕ್ತದ ಜೊತೆಗೆ ಹಲ್ಲು ಬಿತ್ತು. ಜನ ಅಪ್ಪನನ್ನು ಹಿಡಿದುಕೊಂಡು ನೆಲಕ್ಕೆ ಕೆಡವಿ ಒದ್ದರು. ನಾನು ಹಿಟ್ಟಿನ ಬುಟ್ಟಿ ಹೊತ್ತುಕೊಂಡೇ ಮನೆಗೆ ಓಡಿದೆ. ಅಂದು ಸಂಜೆ ಅಪ್ಪ ಊದಿದ ಮುಖದಲ್ಲಿ ಬಂದು, ಕೈಕಾಲು ತೊಳೆದು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ತಾಟು ತೊಳೆದಿಟ್ಟು, ಗೂಟದಿಂದ ಬೆಲ್ಟು ತೆಗೆದ. “ಮಂದಿ ನೋಡೂಹಂಗ ಬೀದ್ಯಾಗ ಯಾಕ ನಿಂತಿದ್ದಿ?” ಎಂಬುದು ಅವ್ವನ ಮೇಲಿನ ಆರೋಪ. ದಬ್ಬಲು ಕರೆದವನು ಅವನೇ ಎಂಬುದನ್ನು ಅವ್ವ ಹೇಳಲಿಲ್ಲ. ಹೇಳಿದರೆ ಇನ್ನೂ ಹೆಚ್ಚು ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಬೆಲ್ಟಿನ ಅಂಚು ಕುತ್ತಿಗೆಗೆ ಹತ್ತಿ ಚರ್ಮ ಕಿತ್ತು ಬಂತು. ಮರುದಿನ ಆಯಿ ಆ ಗಾಯಕ್ಕೆ ಅರಿಶಿನ ಹಚ್ಚುತ್ತ, “ಅವನ ತಲಿ ಬಿಸಿ ಇರತೈತಿ, ನೀನ ತಿಳ್ಕೊಂಡು ಹೋಗಬೇಕ” ಎಂದಳು. ಅವ್ವ ಹಿಟ್ಟು ನಾದುತ್ತಲೇ ಇದ್ದಳು.

ಇದೇ ಅಪ್ಪ ಸೆಲ್ಫ್ ಮೋಟಾರು ಬಿಚ್ಚುವ ದಿನ ಬೇರೆಯೇ ಮನುಷ್ಯನಾಗುತ್ತಿದ್ದ. ಪಡಸಾಲೆಯ ಮೇಲೆ ಗೋಣಿಚೀಲ ಹಾಸಿ, ಮೋಟಾರು ಬಿಚ್ಚಿ, ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಇಡುತ್ತಿದ್ದ. ಅಕ್ಕನನ್ನೂ ನನ್ನನ್ನೂ ಕರೆದು ಕೂರಿಸಿಕೊಂಡು, ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿಕೊಡುತ್ತಿದ್ದ. ಗಂಡುಮಕ್ಕಳಿಲ್ಲದ್ದಕ್ಕೆ ನಮಗೆ ಹೇಳುತ್ತಿದ್ದನೋ, ಅಥವಾ ಯಾರಿಗಾದರೂ ಹೇಳಬೇಕೆಂಬ ಆಸೆಯಿತ್ತೋ ಗೊತ್ತಿಲ್ಲ.

“ಎಂಜಿನ್ ತಾನಾಗೇ ಏಳೂದಿಲ್ಲ, ತಿಳೀತ? ಅದನ್ನ ಮೊದಲ ಯಾರರೆ ತಿರುವಬೇಕು. ತಿರುವಿದ್ರ ಒಳಗ ಪೆಟ್ರೋಲ್ ಎಳಕೋತೈತಿ, ಕಿಡಿ ಬೀಳತೈತಿ, ಆಮ್ಯಾಲ ತನ್ನ ಬಲದ ಮ್ಯಾಲ ಓಡತೈತಿ. ಆ ಮೊದಲಿನ ತಿರುವೂದು ಈ ಸೆಲ್ಫಿನ ಕೆಲಸ.”

“ಕೀಲಿ ತಿರುವಿದ್ರ ಅಷ್ಟೂ ಕರೆಂಟ್ ಕೀಲಿಯೊಳಗ ಹಾಯತೈತೇನು?” ಎಂದು ಅಕ್ಕ ಕೇಳಿದಳು. ಅವಳು ಯಾವಾಗಲೂ ಸರಿಯಾದದ್ದನ್ನೇ ಕೇಳುತ್ತಿದ್ದಳು.

“ಹಾಯ್ದ್ರ ಕೀಲಿ ಸುಟ್ಟ ಹೋಗತೈತಿ! ಕೀಲಿ ಬರೇ ಸಣ್ಣ ಕರೆಂಟ್ ಕೊಟ್ಟು ಈ ಡಬ್ಬಿ ಎಬ್ಬಸತೈತಿ.” ಮಡ್ಗಾರ್ಡಿನ ಒಳಮೈಗೆ ಕೂಡಿಸಿದ್ದ ಸೊಲೆನಾಯ್ಡನ್ನು ತೋರಿಸಿದ. “ಇದರಾಗ ಎರಡು ದಪ್ಪ ಬೋಲ್ಟ್ ಅದಾವ. ಒಂದಕ್ಕ ಬ್ಯಾಟರಿ, ಒಂದಕ್ಕ ಸೆಲ್ಫ್. ಒಳಗಿನ ತಾಮ್ರದ ಬಿಲ್ಲೆ ಎರಡನೂ ಕೂಡಿಸಿತು ಅಂದ್ರ ಬ್ಯಾಟರಿ ಎಲ್ಲಾ ಜೋರ ಸೆಲ್ಫಿಗಿ ಹೋಗತೈತಿ. ಸೆಲ್ಫಿನ ಸಣ್ಣ ಗಾಲಿ ಮುಂದ ಜಿಗದು ಫ್ಲೈವೀಲಿನ, ಅಂದ್ರ ಎಂಜಿನ್ನಿನ ದೊಡ್ಡ ಗಾಲಿದು, ಹಲ್ಲ ಹಿಡೀತೈತಿ. ಎಂಜಿನ್ ಎದ್ದ ಕೂಡಲೆ ಬಿಟ್ಟು ಹಿಂದ ಬರತೈತಿ. ಬ್ಯಾಟರಿದು ಇನ್ನೊಂದ ವಾಯರ್ ಗಾಡಿ ಮೈಗೆ. ಅದು ಕಿತ್ತ್ರ ಎಲ್ಲಾ ಬಂದ್.”

ಹೀಗೆ ಹೇಳುತ್ತ ಅವನು ಆ ಹಲ್ಲಿನ ಗಾಲಿಯನ್ನು ನನ್ನ ಅಂಗೈಯಲ್ಲಿಟ್ಟು, ಅದು ಹೇಗೆ ಸುತ್ತುತ್ತ ಮುಂದೆ ಜಾರುತ್ತದೆಂದು ನನ್ನ ಬೆರಳು ಹಿಡಿದೇ ತೋರಿಸಿದ. ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅವ್ವನಿಗೂ ಎಲ್ಲ ಕೇಳಿಸುತ್ತಿತ್ತು, ಆದರೆ ಅವಳನ್ನು ಯಾರೂ ಹತ್ತಿರ ಕರೆಯಲಿಲ್ಲ. ನಾನು ಮುಂದೆ ಮಿರಜಿನ ರಸ್ತೆಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟು ಬಾಳಿದವಳು. ಆ ವಿದ್ಯೆಯ ಮೊದಲ ಅಕ್ಷರ ಕಲಿಸಿದ ಕೈ ಯಾವುದು ಎಂದು ಯಾರಾದರೂ ಕೇಳಿದರೆ ಅಪ್ಪನ ಹೆಸರನ್ನೇ ಹೇಳಬೇಕು, ಹೇಳುತ್ತೇನೆ.

ಕೆಲವು ತಿಂಗಳಲ್ಲಿ ಕೀಲಿಯಿಂದ ಸೊಲೆನಾಯ್ಡಿಗೆ ಹೋಗುವ ಸಣ್ಣ ತಂತಿ ಎಲ್ಲೋ ಸುಟ್ಟು ಕೆಲಸ ನಿಲ್ಲಿಸಿತು. ಅಪ್ಪ ರಿಪೇರಿಗೆ ಹೋಗಲಿಲ್ಲ. ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರನ್ನು ಆ ಎರಡು ದಪ್ಪ ಬೋಲ್ಟುಗಳಿಗೆ ಅಡ್ಡ ಹಚ್ಚಿದರೆ ಸಾಕು, ಕಿಡಿ ಹಾರಿ ಸೆಲ್ಫ್ ತಿರುಗುತ್ತಿತ್ತು. ಅವನು ಸೀಟಿನಲ್ಲಿ ಕೂತು ಕ್ಲಚ್ ತುಳಿದು “ಹಚ್ಚ ಬೇ!” ಎಂದು ಕೂಗಿದರೆ, ಮಡ್ಗಾರ್ಡಿನ ಪಕ್ಕ ನಿಂತು ಸ್ಕ್ರೂಡ್ರೈವರ್ ಹಚ್ಚುವುದು ಅಕ್ಕನ ಕೆಲಸವಾಯಿತು. ಅವಳ ಮುಂಗೈಯ ತುಂಬ ಕಿಡಿ ಸಿಡಿದ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಶಾಲೆಯಲ್ಲಿ ಕೇಳಿದವರಿಗೆ ಎಣ್ಣೆ ಸಿಡಿಯಿತು ಎನ್ನುತ್ತಿದ್ದಳು.

ಐಗಳಿ ಊರಿಗೆ ಹೋಗುವ ಮದುವೆಯ ದಿಬ್ಬಣವೊಂದು ಜೀಪನ್ನು ಗೊತ್ತು ಮಾಡಿತ್ತು. ಅಂದು ಬೆಳಕು ಹರಿದಾಗಲೇ ಆ ಮನೆಯವರು ಎರಡು ಸಲ ಬಂದು ಬಾಗಿಲಲ್ಲಿ ನಿಂತು ಕರೆದು ಹೋಗಿದ್ದರು. ಅಕ್ಕ ಸ್ಕ್ರೂಡ್ರೈವರ್ ಹಚ್ಚಿದಾಗಲೆಲ್ಲ ‘ಖರ್ರ್’ ಎಂದು ಹಲ್ಲು ಅರೆಯುವ ಸದ್ದು. ಎಂಜಿನ್ ನಿಲ್ಲುವಾಗ ಫ್ಲೈವೀಲು ಹೆಚ್ಚಾಗಿ ಒಂದೆರಡು ಜಾಗದಲ್ಲೇ ನಿಲ್ಲುತ್ತದೆ, ಅಲ್ಲಿಯ ಹಲ್ಲುಗಳೇ ಸವೆಯುತ್ತವೆ. ಅದಕ್ಕೆ ಉಪಾಯವೆಂದರೆ ಗಾಡಿಯನ್ನು ಗೇರಿಗೆ ಹಾಕಿ ಹಿಂದೆ ಮುಂದೆ ಅಲುಗಿಸಿ, ಫ್ಲೈವೀಲನ್ನು ತುಸು ತಿರುಗಿಸಿ, ಹೊಸ ಹಲ್ಲು ಎದುರು ಬರುವಂತೆ ಮಾಡುವುದು. ಅಪ್ಪ ಒಂದನೇ ಗೇರಿಗೆ ಹಾಕಿ, “ದಬ್ರಿ, ಅಲುಗಸ್ರಿ!” ಎಂದು ಚೀರಿದ. ಅವ್ವ ಮತ್ತು ನಾನು ಮುಂದೆ ನಿಂತು ದಬ್ಬಿದೆವು. ಅವ್ವನಿಗೆ ಮೂರು ದಿನದಿಂದ ಜ್ವರ. ಜೀಪು ಒಂದು ಸಲ ಹಿಂದೆ ವಾಲಿತು, ಮತ್ತೊಂದು ಸಲ ವಾಲಿತು. ಮೂರನೆಯ ಸಲಕ್ಕೆ ಅವ್ವನ ಕೈ ಜಾರಿ ಅವಳು ಕಟ್ಟೆಯ ಅಂಚಿಗೆ ಕುಸಿದು ಕೂತಳು.

“ಏಳ!” ಎಂದ ಅಪ್ಪ.

“ಆಗವಲ್ದರಿ. ಕಣ್ಣಿಗಿ ಕತ್ತಲಿ ಬರಾಕತ್ತೇತಿ,” ಎಂದಳು ಅವ್ವ.

ಅಪ್ಪ ಇಳಿದ. ಬೆಲ್ಟಿನ ಕಡೆ ನೋಡಲಿಲ್ಲ. ಸೀಟಿನ ಹಿಂದಿದ್ದ ಕಬ್ಬಿಣದ ಹ್ಯಾಂಡಲ್ಲನ್ನು ಎತ್ತಿಕೊಂಡ. ಬ್ಯಾಟರಿ ಪೂರ್ತಿ ಸತ್ತಾಗ ಮುಂದಿನಿಂದ ತೂರಿಸಿ ಎಂಜಿನ್ ತಿರುವಲು ಇಟ್ಟುಕೊಂಡ, ಬಾಗಿದ ದಪ್ಪ ಸಲಾಕೆ ಅದು. ಅವ್ವ ಅದನ್ನು ನೋಡಿ ಕೂತಲ್ಲೇ ಹಿಂದಕ್ಕೆ ಸರಿದು ಕಟ್ಟೆ ಹತ್ತಿದಳು. ಅವನು ಬಂಪರಿಗೂ ಕಟ್ಟೆಗೂ ನಡುವೆ ನಿಂತು ಕೆಳಗಿನಿಂದಲೇ ಬೀಸಿದ. ಮೊದಲ ಏಟಿಗೆ ಅವಳ ಬಳೆಗಳು ಒಡೆದವು, ಜೊತೆಗೆ ಒಣ ಕಟ್ಟಿಗೆ ಮುರಿದಂಥ ಇನ್ನೊಂದು ಸದ್ದು ಬಂತು. ಅದು ಅವಳ ಕೈಯ ಎಲುಬು. ಎರಡನೆಯದು ಹೆಗಲಿಗೆ. ಮೂರನೆಯದಕ್ಕೆ ಅವನು ಹ್ಯಾಂಡಲ್ಲನ್ನು ತಲೆಯ ಮೇಲೆ ಎತ್ತಿದ್ದ. ಮೂಲೆಯಲ್ಲಿ ಆಯಿಯ ಜಪ ಗಂಟಲು ಹರಿಯುವಷ್ಟು ಜೋರಾಗಿತ್ತು. ನಾನು ಅಪ್ಪನ ಅಂಗಿಯನ್ನು ಹಿಂದಿನಿಂದ ಹಿಡಿದು ಜಗ್ಗಿದೆ. ಅವನು ಮೊಣಕೈಯಿಂದ ತಿವಿದ ರಭಸಕ್ಕೆ ನಾನು ಗೋಡೆಗೆ ಹೋಗಿ ಬಿದ್ದೆ. ಬಿದ್ದಲ್ಲಿಂದ ಅಕ್ಕನ ಮುಖ ಕಾಣುತ್ತಿತ್ತು. ಅವಳು ಅಳುತ್ತಿರಲಿಲ್ಲ. ಗೇರ್ ಎಲ್ಲಿದೆ ಎಂದು ಒಮ್ಮೆ ಒಳಗೆ ನೋಡಿದಳು, ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಬಾಗಿ ಸ್ಕ್ರೂಡ್ರೈವರನ್ನು ಬೋಲ್ಟುಗಳಿಗೆ ಹಚ್ಚಿದಳು.

ಎಂಜಿನ್ ಹೊತ್ತದಿದ್ದರೂ ಗೇರಿನಲ್ಲಿರುವ ಗಾಡಿಯನ್ನು ಸೆಲ್ಫ್ ಒಂದೇ ನಡೆಸಬಲ್ಲದು. ನಾವು ಅಲುಗಿಸಿದ್ದರಿಂದ ಹೊಸ ಹಲ್ಲು ಎದುರು ಬಂದಿತ್ತು. ‘ಗುರ್’ ಎಂದು ಒಂದೇ ಸಲಕ್ಕೆ ಹಿಡಿದು ಜೀಪು ಮುಂದಕ್ಕೆ ಜಿಗಿಯಿತು. ಬಂಪರು ಅಪ್ಪನ ಬಲಮೊಣಕಾಲನ್ನು ಕಟ್ಟೆಯ ಕಲ್ಲಿಗೆ ಒತ್ತಿ ಹಿಡಿಯಿತು. ಹ್ಯಾಂಡಲ್ಲು ಅವನ ಕೈಯಿಂದ ಬಿದ್ದು ಉರುಳಿತು. ಅಕ್ಕ ಸ್ಕ್ರೂಡ್ರೈವರನ್ನು ಕೀಳಲು ನೋಡಿದಳು. ಬರಲಿಲ್ಲ. ಆ ಬಿಸಿಗೆ ಅದು ಬೋಲ್ಟುಗಳಿಗೆ ಬೆಸೆದುಕೊಂಡುಬಿಟ್ಟಿತ್ತು. ಸೆಲ್ಫ್ ನರಳುತ್ತ ತಿರುಗುತ್ತಲೇ ಇತ್ತು, ಜೀಪು ಇಂಚಿಂಚಾಗಿ ಒತ್ತುತ್ತಲೇ ಇತ್ತು, ಸುಟ್ಟ ರಬ್ಬರಿನ ಹೊಗೆ ಏಳತೊಡಗಿತು. ಅಪ್ಪ ಕೂಗಿದ ಕೂಗು ಮನುಷ್ಯನದೆಂದು ಅನ್ನಿಸುತ್ತಿರಲಿಲ್ಲ.

“ಅವ್ವಾ, ಬರವಲ್ದು! ಬರವಲ್ದ ಅವ್ವಾ!” ಎಂದು ಅಕ್ಕ ಎರಡೂ ಕೈಯಲ್ಲಿ ಆ ಕಾದ ಕಬ್ಬಿಣವನ್ನು ಹಿಡಿದು ಜಗ್ಗುತ್ತಿದ್ದಳು.

ಆಗ ಅವ್ವ ಕಟ್ಟೆಯಿಂದ ಜಿಗಿದಳು. ಒಂದು ಕೈ ಜೋತುಬಿದ್ದಿತ್ತು. ಇನ್ನೊಂದು ಕೈಯನ್ನು ತೆರೆದ ಬಾನೆಟ್ಟಿನೊಳಗೆ ಹಾಕಿ, ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಪಟ್ಟಿಯನ್ನು ಹಿಡಿದು, ಕಾಲನ್ನು ಬಂಪರಿಗೆ ಕೊಟ್ಟು ಕಿತ್ತಳು. ನೀಲಿ ಕಿಡಿಯೊಂದು ಅವಳ ಅಂಗೈ ಸುಟ್ಟಿತು. ಸೆಲ್ಫ್ ನಿಂತಿತು. ಗಾಡಿ ಇನ್ನೂ ಅಪ್ಪನ ಕಾಲಿನ ಮೇಲೇ ಇತ್ತು.

“ಸುಮೀ, ಮ್ಯಾಲ ಹತ್ತ. ಕ್ಲಚ್ ತುಳಿ!” ಎಂದು ಅವ್ವ ನನ್ನನ್ನು ಕೂಗಿದಳು.

ನಾನು ಹತ್ತಿ, ಸೀಟಿನ ಅಂಚಿಗೆ ಬೆನ್ನು ಕೊಟ್ಟು ಎರಡೂ ಕಾಲಿನಿಂದ ಕ್ಲಚ್ ತುಳಿದೆ. ಅವ್ವ ಹೆಗಲು ಕೊಟ್ಟು ದಬ್ಬಿದಳು. ಜೀಪು ಇಳಿಜಾರಿನಲ್ಲಿ ಹಿಂದೆ ಸರಿಯಿತು. ಅಪ್ಪ ಕಟ್ಟೆಯ ಬುಡದಲ್ಲಿ ಕುಸಿದ. ಆಗಲೇ ನನಗೆ ಗೊತ್ತಾಯಿತು, ಆಯಿಯ ಜಪ ಯಾವಾಗಲೋ ನಿಂತಿತ್ತು.

ಪಕ್ಕದ ಮನೆಯ ಶಾಂತಪ್ಪ ಕಾಕಾ ದ್ರಾಕ್ಷಿ ಸಾಗಿಸುವ ಟೆಂಪೋದಲ್ಲಿ ಅಪ್ಪನನ್ನೂ ಅವ್ವನನ್ನೂ ಮಿರಜಿನ ಆಸ್ಪತ್ರೆಗೆ ಒಯ್ದ. ಬೀದಿಯ ಜನರೆಲ್ಲ ನಮ್ಮ ಅಂಕಣದಲ್ಲಿ ನೆರೆದರು. ಅಕ್ಕ ಬೊಬ್ಬೆ ಎದ್ದ ಕೈಗಳನ್ನು ನೀರಿನಲ್ಲಿ ಅದ್ದಿಕೊಂಡು ಕೂತಿದ್ದಳು. ಕೇಳಿದವರಿಗೆಲ್ಲ ಒಂದೇ ಮಾತು: “ನಾನ ಮಾಡೀನಿ.” ಆಯಿ ಅವಳ ಬಾಯಿ ಮುಚ್ಚಲು ಎಷ್ಟು ಕಷ್ಟಪಟ್ಟಳೋ! ಎರಡು ದಿನ ಬಿಟ್ಟು ಹವಾಲ್ದಾರ ಆಸ್ಪತ್ರೆಗೆ ಬಂದಾಗ ಅಕ್ಕನೂ ನಾನೂ ಅಲ್ಲೇ ಇದ್ದೆವು. ಅಪ್ಪನ ಕಾಲು ಸೊಂಟದವರೆಗೆ ಪ್ಲಾಸ್ಟರಿನಲ್ಲಿತ್ತು. ಅಕ್ಕ ಮಂಚದ ಹತ್ತಿರ ಹೋಗಿ ನಿಂತು, ತಾನೇ ಹೇಳಲು ಬಾಯಿ ತೆರೆದಳು. ಅಪ್ಪ ಅವಳ ಮುಖ ನೋಡದೆಯೇ ಹೇಳಿದ:

“ತಪ್ಪ ನಂದ ರಿ ಸಾಹೇಬ್ರ. ಗೇರ್ ತಗ್ಯೂದು ಮರತೆ, ಮುಂದ ನಿಂತ ನಾನ ಸ್ಕ್ರೂಡ್ರೈವರ್ ಹಚ್ಚಿದ್ನಿ.”

“ಮತ್ತ ನಿನ್ನ ಹೆಂಡ್ತಿ ಕೈ?”

“ನನ್ನ ಬಿಡಿಸಾಕ ಬಂದು ಬಿದ್ಲ ರಿ.”

ಹವಾಲ್ದಾರ ಅವ್ವನ ಕಡೆ ನೋಡಿದ. ಅವ್ವ ಅಕ್ಕನ ಕಡೆ ನೋಡಿದಳು, ಆಮೇಲೆ ಹೌದೆಂದು ತಲೆಯಾಡಿಸಿದಳು. ಅಲ್ಲಿಗೆ ಮುಗಿಯಿತು. ಅಂದು ಟೆಂಪೋದಲ್ಲಿ ಹಿಂದಿರುಗುವಾಗ ಅಕ್ಕ ಮೊದಲ ಸಲ ಅತ್ತಳು. “ಅಪ್ಪ ನನ್ನ ಉಳಿಸಿದ,” ಎಂದು ಮತ್ತೆ ಮತ್ತೆ ಹೇಳಿದಳು. ಮರುವಾರ ಚಿಂಚಲಿಯಿಂದ ಮಾಮಾ, ಅವ್ವನ ಅಣ್ಣ, ಬಂದು ಅಕ್ಕನನ್ನು ಕರೆದುಕೊಂಡು ಹೋದ. ಅವಳು ಮತ್ತೆ ಆ ಮನೆಯಲ್ಲಿ ವಾಸಕ್ಕೆ ಬರಲಿಲ್ಲ. ಓದಿದ್ದು, ಮದುವೆಯಾದದ್ದು ಎಲ್ಲ ಚಿಂಚಲಿಯಿಂದಲೇ.

ಅಪ್ಪ ಮನೆಗೆ ಬಂದದ್ದು ಮೊಣಕಾಲು ಮಡಚಲಾಗದ ಮನುಷ್ಯನಾಗಿ. ಎರಡು ಊರುಗೋಲು ಹಿಡಿದೇ ಏಳಬೇಕು. ಇಷ್ಟಾದ ಮೇಲೆ ಬದಲಾದ ಎಂದು ಬರೆಯಬಹುದಿತ್ತು, ಆಗಲಿಲ್ಲ. ಕೆಲವೇ ದಿನದಲ್ಲಿ, ಚಹಾ ತಣ್ಣಗಿದೆ ಎಂದು ಹಿತ್ತಾಳೆಯ ತಂಬಿಗೆಯನ್ನು ಅವ್ವನ ಮುಖಕ್ಕೆ ಬೀಸಿ ಒಗೆದ. ಹುಬ್ಬು ಹರಿದು ರಕ್ತ ಕಣ್ಣಿಗಿಳಿಯಿತು. ಅವ್ವ ಸೆರಗಿನಿಂದ ಅದನ್ನು ಒತ್ತಿ ಹಿಡಿದುಕೊಂಡು, ಮಂಚಕ್ಕೆ ಒರಗಿಸಿದ್ದ ಊರುಗೋಲುಗಳನ್ನು ಎತ್ತಿಕೊಂಡು ಹೋಗಿ ತಲಬಾಗಿಲಿನ ಹೊರಗೆ ಇಟ್ಟು ಬಂದಳು. ಆಮೇಲೆ ಒಲೆಯ ಮುಂದೆ ಕೂತಳು. ಅಪ್ಪ ಬೈದ. ಕೂಗಿದ. ಮಧ್ಯಾಹ್ನದ ಹೊತ್ತಿಗೆ ಹೊರಗೆ ಹೋಗಬೇಕೆಂದು ಹೇಳಿದ. ಯಾರೂ ಏಳಲಿಲ್ಲ. ಆಯಿ ತಡೆಯಲಾರದೆ ಬಾಗಿಲ ಕಡೆ ಹೊರಟಳು.

“ಮುಟ್ಟಬ್ಯಾಡ್ರಿ, ಅತ್ತಿ,” ಎಂದಳು ಅವ್ವ.

“ನನ್ನ ಮಗಾ ಅವ.”

“ಗೊತ್ತೈತ್ರಿ. ಇಷ್ಟ ದಿನಾ ಕುಂತಲ್ಲೆ ಕುಂತಿದ್ರಿ. ಇವತ್ತೂ ಕುಂಡ್ರಿ.”

ಆಯಿ ಕೂತಳು. ಸಂಜೆಯ ಹೊತ್ತಿಗೆ ಅಪ್ಪನ ಹಾಸಿಗೆ ಒದ್ದೆಯಾಗಿತ್ತು. ಅವನು ಗೋಡೆಗೆ ಮುಖ ಮಾಡಿ ಸುಮ್ಮನೆ ಮಲಗಿದ್ದ. ಆಗ ಅವ್ವ ಹೋಗಿ, ಹಾಸಿಗೆ ಬದಲಿಸಿ, ಅವನ ಮೈ ಒರೆಸಿ, ಊರುಗೋಲು ತಂದಿಟ್ಟು, “ಮತ್ತೊಮ್ಮೆ ಕೈ ಎತ್ತಿದ್ರ ಇವು ಬಾವ್ಯಾಗ” ಎಂದಳು. ಮನೆಯೊಳಗಿನ ಹೊಡೆತ ನಿಂತದ್ದು ಆವತ್ತು. ಜೀಪನ್ನು ಅವಳೇ ಮಾರಿಸಿ ಆ ಜಾಗದಲ್ಲಿ ಎಮ್ಮೆ ಕಟ್ಟಿದಳು.

ಅಪ್ಪ ಬಹಳ ವರ್ಷ ಬದುಕಿದ. ಅವನ ಕೊನೆಗಾಲದಲ್ಲಿ ನಾನು ಅವನನ್ನು ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಆ ಸೊಟ್ಟ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, ಇಷ್ಟು ದಿನ ಗಂಟಲಲ್ಲೇ ಉಳಿದಿದ್ದನ್ನು ಕೇಳಿದೆ.

“ಅಪ್ಪಾ, ಆವತ್ತ ಹವಾಲ್ದಾರಗ ಯಾಕ ಹಂಗ ಹೇಳಿದಿ?”

ಅವನು ನನ್ನನ್ನು, ಇಷ್ಟೂ ತಿಳಿಯದವಳೇ ಎಂಬಂತೆ ನೋಡಿದ.

“ಮತ್ತೇನ ಹೇಳಬೇಕಿತ್ತು? ಮಗಳು ಮೈಮ್ಯಾಲ ಗಾಡಿ ಹಾಕಿದ್ಲು ಅಂದ್ರ, ಯಾಕ ಹಾಕಿದ್ಲು ಅಂತ ಕೇಳತಿದ್ರು.”

ಅಷ್ಟು ಹೇಳಿ, ಎಣ್ಣೆ ಸಾಕು ಎಂದು ಕಾಲೆಳೆದುಕೊಂಡ. ಅವನು ತೀರಿಕೊಂಡ ಮೇಲೆ ದಿನಕರ್ಮಕ್ಕೆ ಬಂದ ಅಕ್ಕ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತ ಕೂತಿದ್ದಾಗ, ಅವಳ ಪಕ್ಕ ಕೂತು ಈ ಮಾತನ್ನು ಹೇಳಿದೆ. ಅಪ್ಪ ತನ್ನನ್ನು ಉಳಿಸಿದನೆಂದು ಅವಳು ಮಕ್ಕಳಿಗೆಲ್ಲ ಹೇಳಿಕೊಂಡು ಬಂದಿದ್ದಳು, ಹೇಳಬೇಕೋ ಬೇಡವೋ ಎಂದು ನನಗೆ ಹೆದರಿಕೆಯಿತ್ತು. ಅವಳ ಕೈ ನಿಂತಿತು. ಬೂದಿ ಮೆತ್ತಿದ ತಾಟನ್ನು ಕೆಳಗಿಟ್ಟಳು.

“ಹಂಗಾರ ತಾ ಮಾಡೂದು ತಪ್ಪ ಅಂತ ಅವಗ ಗೊತ್ತಿತ್ತು,” ಎಂದಳು. “ಎಲ್ಲಾ ಗೊತ್ತಿದ್ದೂ ಹೊಡೀತಿದ್ದ.”